ಹತ್ತು ವರ್ಷ ದಾಟಿದ ಬೆಕ್ಕು ದಿಢೀರ್ ಬದಲಾದರೆ ಏನು ಮಾಡಬೇಕು?

ಹತ್ತು ಹನ್ನೆರಡು ವರ್ಷ ಟ್ರೇ ಬಿಟ್ಟು ಆಚೆ ಉಚ್ಚೆ ಹೊಯ್ಯದ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆ ಮೇಲೆ ಹೊಯ್ದುಬಿಡುತ್ತದೆ. ತೊಡೆ ಬಿಟ್ಟು ಇಳಿಯದಿದ್ದದ್ದು ಈಗ ಮುಟ್ಟಿದರೆ ಕಚ್ಚಲು ಬರುತ್ತದೆ. ಇಲ್ಲವೇ ನಡುರಾತ್ರಿ ಹಾಲ್ ಮಧ್ಯೆ ನಿಂತು ಗೋಳಿಡುತ್ತದೆ. ಮನೆಯಲ್ಲಿ ತಲೆಗೊಂದು ಮಾತು ಬರುತ್ತದೆ. ಸೇಡು ತೀರಿಸಿಕೊಳ್ಳುತ್ತಿದೆ ಅನ್ನುತ್ತಾರೆ ಒಬ್ಬರು. ವಯಸ್ಸಾಯ್ತು ಬಿಡಿ, ಅಷ್ಟೇ ಅನ್ನುತ್ತಾರೆ ಇನ್ನೊಬ್ಬರು. ಅಂದು ಮಾಡಿಸಿದ ಸಂತಾನಹರಣ ಆಪರೇಷನ್ ಸರಿಯಾಗಿ ಆಗಿಲ್ಲ ಅನ್ನುವವರೂ ಇದ್ದಾರೆ.

ಈ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ವಯಸ್ಸಾದ ಬೆಕ್ಕಿನ ನಡವಳಿಕೆ ದಿಢೀರ್ ಬದಲಾದರೆ ಅದಕ್ಕೆ ಎಲ್ಲೋ ನೋವಿದೆ ಅಥವಾ ಕಾಯಿಲೆಯಿದೆ ಎಂದೇ ಶುರು ಮಾಡಬೇಕು. ಕಾಯಿಲೆ ಇಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಬೇರೆ ಕಾರಣ ಹುಡುಕೋಣ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ಬೇಟೆಯಾಡುವುದೂ ಹೌದು, ದೊಡ್ಡ ಪ್ರಾಣಿಗಳಿಗೆ ಬೇಟೆಯಾಗುವುದೂ ಹೌದು. ಸೊರಗಿದ್ದು ಕಂಡರೆ ಅಪಾಯ. ಹಾಗಾಗಿ ನಮಗೆ ಕಾಣುವಷ್ಟು ಬದಲಾವಣೆ ಆಗಿದೆ ಅಂದರೆ ಒಳಗೆ ಸಮಸ್ಯೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಹತ್ತು ವರ್ಷದ ಬೆಕ್ಕು ಮನುಷ್ಯರ ಲೆಕ್ಕದಲ್ಲಿ ಸುಮಾರು 56ರ ಪ್ರಾಯದ್ದು, ಹದಿನೈದರ ಬೆಕ್ಕು 76ರದ್ದು. ಆ ವಯಸ್ಸಿನ ಮನೆಯ ಹಿರಿಯರು ರಾತ್ರಿಯೆಲ್ಲ ನರಳಿದರೆ ಹಠ ಅನ್ನುತ್ತೇವಾ?

ಮೊದಲ ಹೆಜ್ಜೆ: ಈಗಲೇ ಹೊರಡಬೇಕಾ?

ಮೊಟ್ಟಮೊದಲು ಉಚ್ಚೆ ಬರುತ್ತಿದೆಯೋ ಇಲ್ಲವೋ ನೋಡಿ. ಗಂಡು ಬೆಕ್ಕಾದರೆ ಇದು ಗೊತ್ತಾಗುವ ತನಕ ಬೇರೇನೂ ಯೋಚಿಸಬೇಡಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯ ಕಡೆ ತೀರ ಸಣ್ಣ. ಹರಳೋ ಲೋಳೆಯೋ ಬಂದು ಅಲ್ಲಿ ಕಟ್ಟಿಕೊಂಡರೆ ಉಚ್ಚೆ ನಿಂತುಬಿಡುತ್ತದೆ. ಆಗ ಅದು ಏನು ಮಾಡುತ್ತದೆ ಎಂದು ಕಣ್ಣಿಟ್ಟು ನೋಡಿ. ಟ್ರೇಗೆ ಹೋಗುತ್ತದೆ, ಮರಳು ಕೆದರುತ್ತದೆ, ಬೆನ್ನು ಬಾಗಿಸಿ ಕೂರುತ್ತದೆ. ತಿಣುಕುವಾಗ ಹೊಟ್ಟೆ ಬಿಗಿಯುತ್ತದೆ, ಬಾಲದ ಬುಡ ಸಣ್ಣಗೆ ನಡುಗುತ್ತದೆ. ಏನೂ ಬರುವುದಿಲ್ಲ. ಬಂದರೂ ಎರಡು ಹನಿ, ಕೆಲವೊಮ್ಮೆ ನಸುಗೆಂಪು. ಎದ್ದು ಎರಡು ಹೆಜ್ಜೆ ನಡೆದು, ಕಾಲೆತ್ತಿ ಅದೇ ಜಾಗವನ್ನು ನೆಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಟ್ರೇ, ಆಮೇಲೆ ಬಚ್ಚಲ ಮೂಲೆ, ಆಮೇಲೆ ನಿಮ್ಮ ಹಾಸಿಗೆ. ಇದನ್ನು ನೋಡಿ ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಹೊಟ್ಟೆ ಒತ್ತಿಯೂ ನೋಡಬೇಡಿ, ತುಂಬಿ ಬಿಗಿದ ಮೂತ್ರಕೋಶ ಒಡೆಯಬಹುದು. ಉಚ್ಚೆ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಅದಕ್ಕೆ ಒಂದೆರಡು ದಿನ ಸಾಕು. ರಾತ್ರಿ ಹನ್ನೊಂದಾಗಿದ್ದರೂ ಸರಿ, ತೆರೆದಿರುವ ಪಶು ಆಸ್ಪತ್ರೆ ಹುಡುಕಿ ಹೊರಡಿ.

ಇನ್ನೂ ಕೆಲವು ಲಕ್ಷಣ ಕಂಡರೂ ಬೆಳಗಾಗುವವರೆಗೆ ಕಾಯುವಂತಿಲ್ಲ. ಹಿಂಗಾಲು ಒಮ್ಮೆಲೇ ಬಿದ್ದುಹೋಗಿ, ಪಾದ ತಣ್ಣಗಾಗಿ, ಬೆಕ್ಕು ಚೀರುತ್ತಿದ್ದರೆ ಹೃದಯದಿಂದ ಬಂದ ರಕ್ತದ ಗಡ್ಡೆ ಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿರಬಹುದು. ಬಾಯಿ ತೆರೆದು ಉಸಿರಾಡುವುದು ನಾಯಿಗೆ ಸಹಜ, ಬೆಕ್ಕಿಗೆ ಅಲ್ಲ. ಮಲಗಿ ನಿದ್ದೆ ಮಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ ಎಣಿಸಿ. 30ಕ್ಕಿಂತ ಕಮ್ಮಿ ಇರಬೇಕು. ಮತ್ತೆ ಮತ್ತೆ ಎಣಿಸಿದಾಗಲೂ ಜಾಸ್ತಿ ಬಂದರೆ ಅವತ್ತೇ ತೋರಿಸಿ. ಗೊತ್ತಿರುವ ಮನೆಯಲ್ಲೇ ಕುರ್ಚಿ ಕಾಲಿಗೆ ಡಿಕ್ಕಿ ಹೊಡೆಯುತ್ತಿದ್ದು, ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದ್ದರೆ ಬಿಪಿ ಏರಿ ದೃಷ್ಟಿ ಹೋಗಿರುವ ಸಾಧ್ಯತೆ ಇದೆ. ಬೇಗ ಚಿಕಿತ್ಸೆ ಸಿಕ್ಕರೆ ಸ್ವಲ್ಪವಾದರೂ ದೃಷ್ಟಿ ಮರಳಬಹುದು. ಒಂದು ಇಡೀ ದಿನ ಏನೂ ತಿನ್ನದಿದ್ದರೂ ಸುಮ್ನೆ ಕೂರಬೇಡಿ. ಆಪರೇಷನ್ ಆಗಿ ಮೈ ಬಂದ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ಸೇರುತ್ತದೆ, ಅದು ಪ್ರಾಣಕ್ಕೇ ಬರುತ್ತದೆ.

ವಿಷದ ವಿಚಾರವನ್ನೂ ಒಮ್ಮೆ ಯೋಚಿಸಿ. ಜ್ವರ ಇರಬಹುದು ಎಂದು ಯಾರಾದರೂ ಪ್ಯಾರಸಿಟಮಾಲ್ ಕೊಟ್ಟಿದ್ದಾರಾ? ಡೋಲೊ, ಕ್ರೋಸಿನ್ ಎಲ್ಲ ಅದೇ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಇಲ್ಲ, ಒಂದು ಮಾತ್ರೆಯೇ ಕೊಲ್ಲಬಲ್ಲದು. ನಾಯಿಗೆ ಉಣ್ಣೆ ಹುಳು ಹೋಗಲೆಂದು ಹಾಕುವ, ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ತಾಗಿದರೂ ನಡುಕ, ಫಿಟ್ಸ್ ಬರುತ್ತದೆ. ಹೂಗುಚ್ಛದಲ್ಲಿ ಬಂದ ಲಿಲ್ಲಿಯನ್ನು ಕಡಿದಿದ್ದರೆ ಕಿಡ್ನಿ ಕೆಡುತ್ತದೆ. ಇಂಥದ್ದೇನಾದರೂ ಆಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ರೇಬೀಸ್ ಬಗ್ಗೆಯೂ ಹೇಳಲೇಬೇಕು. ಅದು ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊರಗೆ ಓಡಾಡುವ, ಲಸಿಕೆ ಹಾಕಿಸದ ಬೆಕ್ಕು ದಿಢೀರ್ ಮೇಲೆ ಬೀಳಲು ಶುರು ಮಾಡಿದರೆ, ಜೊಲ್ಲು ಸುರಿಸಿದರೆ, ನಡಿಗೆ ತಪ್ಪಿದರೆ ಕೈ ಹಾಕಬೇಡಿ. ಒಂದು ಕೋಣೆಯಲ್ಲಿ ಕೂಡಿ ಬಾಗಿಲು ಹಾಕಿ ಡಾಕ್ಟರಿಗೆ ಫೋನ್ ಮಾಡಿ. ಯಾವ ಬೆಕ್ಕೇ ಕಚ್ಚಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲೆ ಸಣ್ಣ ಚುಕ್ಕೆ ಕಂಡರೂ ಒಳಗೆ ಕೀವಾಗುವುದು ಜಾಸ್ತಿ.

ಎರಡನೇ ಹೆಜ್ಜೆ: ಬರೆದಿಡಿ, ವಿಡಿಯೋ ಮಾಡಿ

ಮೇಲಿನದ್ಯಾವುದೂ ಇಲ್ಲ ಅಂದರೆ ಒಂದೆರಡು ದಿನ ಸಮಯವಿದೆ. ಆ ಸಮಯದಲ್ಲಿ ಡಾಕ್ಟರಿಗೆ ಬೇಕಾದ ಮಾಹಿತಿ ಕೂಡಿಸಿ. ಕ್ಲಿನಿಕ್‌ಗೆ ಹೋದ ಬೆಕ್ಕು ಹೆದರಿ ಮುದುಡಿ ಕೂರುತ್ತದೆ. ಅಲ್ಲಿ ಅದು ಕುಂಟುವುದೂ ಇಲ್ಲ, ಕೂಗುವುದೂ ಇಲ್ಲ. ಹಾಗಾಗಿ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋಗೆ ತುಂಬ ಬೆಲೆ ಇದೆ. ನಡೆಯುವುದು, ಕಿಟಕಿಗೆ ಹಾರುವುದು, ಟ್ರೇಯಲ್ಲಿ ಕೂರುವುದು, ರಾತ್ರಿ ಕೂಗುವುದು, ಯಾವುದು ಬದಲಾಗಿದೆಯೋ ಅದನ್ನು ತೆಗೆಯಿರಿ.

ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಆಯಿತು. ಹಳೆಯ ಲಸಿಕೆ ಪುಸ್ತಕದಲ್ಲಿ ಹಿಂದಿನ ತೂಕ ಇರುತ್ತದೆ, ಹೋಲಿಸಿ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 60 ಕಿಲೋ ಮನುಷ್ಯ ಆರು ಕಿಲೋ ಇಳಿದ ಲೆಕ್ಕ.

ನೀರನ್ನೂ ಅಳೆದು ಇಡಿ. ಬೆಳಿಗ್ಗೆ ಇಷ್ಟು ಎಂದು ಅಳೆದು ಹಾಕಿ, ಮಾರನೇ ದಿನ ಉಳಿದದ್ದನ್ನು ಕಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ ಅದು ಖಂಡಿತ ಜಾಸ್ತಿ. ನಾಲ್ಕು ಕಿಲೋ ಬೆಕ್ಕಿಗೆ 400 ಮಿಲಿ. ಬಚ್ಚಲಲ್ಲಿ, ಹೂಕುಂಡದ ತಟ್ಟೆಯಲ್ಲಿ ಕುಡಿಯುತ್ತಿದ್ದರೆ ಅದನ್ನೂ ಗಮನಿಸಿ. ಇದರ ಜೊತೆ ಮನೆಯಲ್ಲಿ ಏನು ಬದಲಾಗಿದೆ ಬರೆಯಿರಿ. ಹೊಸ ಸೋಫಾ, ಟ್ರೇಗೆ ಹಾಕುವ ಬೇರೆ ಕಂಪನಿಯ ಮರಳು (ಲಿಟರ್), ಊರಿಂದ ಬಂದ ನೆಂಟರು, ಹುಟ್ಟಿದ ಮಗು, ಸತ್ತುಹೋದ ಜೊತೆಗಾರ ಬೆಕ್ಕು, ದೀಪಾವಳಿ ಪಟಾಕಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೂರನೇ ಹೆಜ್ಜೆ: ಡಾಕ್ಟರ ಹತ್ತಿರ ಏನು ಕೇಳಬೇಕು

ಮೊದಲು ಫೋನ್ ಮಾಡಿ, ಅಲ್ಲಿ ಬೆಕ್ಕಿನ ಬಿಪಿ ನೋಡುತ್ತಾರಾ, ರಕ್ತಪರೀಕ್ಷೆಗೆ ವ್ಯವಸ್ಥೆ ಇದೆಯಾ ಕೇಳಿಕೊಳ್ಳಿ. ಊರಿನ ಪಶು ಆಸ್ಪತ್ರೆಗಳಲ್ಲಿ ಹಸು, ಕುರಿಗಳದ್ದೇ ಹೆಚ್ಚು ಕೆಲಸ, ಇವೆಲ್ಲ ಸಿಗದಿರಬಹುದು. ಹತ್ತಿರದಲ್ಲಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಕಾಲೇಜುಗಳಿವೆ.

ಹತ್ತು ದಾಟಿದ ಬೆಕ್ಕಿಗೆ ಕೇಳಬೇಕಾದ ಪರೀಕ್ಷೆಗಳು ಇಷ್ಟು: ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ಸೇರಿದಂತೆ ಕಿಡ್ನಿ ಪರೀಕ್ಷೆ, ಸಕ್ಕರೆ, ಥೈರಾಯ್ಡ್‌ನ ಟಿ4, ಮೂತ್ರಪರೀಕ್ಷೆ, ಬಿಪಿ. ಜೊತೆಗೆ ಬಾಯಿ ತೆರೆಸಿ ಹಲ್ಲು ನೋಡಬೇಕು, ಕೀಲುಗಳನ್ನು ಮುಟ್ಟಿ ನೋಡಬೇಕು. ರಕ್ತಪರೀಕ್ಷೆ ಮಾತ್ರ ಮಾಡಿಸಿ ಮೂತ್ರ ಬಿಟ್ಟರೆ ಕಿಡ್ನಿಯ ಸುದ್ದಿ ಅರ್ಧ ಮಾತ್ರ ಸಿಗುತ್ತದೆ. ಇನ್ನೊಂದು ವಿಷಯ, ಹೆದರಿದ ಬೆಕ್ಕಿನ ಸಕ್ಕರೆ ತಾನಾಗಿಯೇ ಏರುತ್ತದೆ. ಒಂದೇ ಸಲ ಜಾಸ್ತಿ ಬಂತೆಂದು ಡಯಾಬಿಟಿಸ್ ಎಂದು ತೀರ್ಮಾನಿಸುವಂತಿಲ್ಲ. ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಅದನ್ನು ಬಿಡಿಸಿ ಹೇಳುತ್ತದೆ.

ಕರೆದೊಯ್ಯುವ ಬುಟ್ಟಿಯನ್ನು ಕೆಲವು ದಿನ ಮೊದಲೇ ತೆಗೆದು, ಹಳೇ ಬಟ್ಟೆ ಹಾಸಿ ಮೂಲೆಯಲ್ಲಿಡಿ. ದಾರಿಯಲ್ಲಿ ಮೇಲೆ ಟವೆಲ್ ಹೊದಿಸಿ. ತುಂಬ ಗಾಬರಿಯ ಬೆಕ್ಕಾದರೆ ಹೊರಡುವ ಮುಂಚೆ ಕೊಡುವ, ಗಾಬರಿ ತಗ್ಗಿಸುವ ಗ್ಯಾಬಾಪೆಂಟಿನ್ ಎಂಬ ಔಷಧಿ ಬಗ್ಗೆ ಡಾಕ್ಟರನ್ನು ಕೇಳಿ. ಪ್ರಮಾಣ ಅವರೇ ಹೇಳಬೇಕು.

ನಾಲ್ಕನೇ ಹೆಜ್ಜೆ: ಯಾವ ಬದಲಾವಣೆಗೆ ಏನು ಕಾರಣ

ರಾತ್ರಿ ಕೂಗು ಶುರುವಾಗಿದ್ದರೆ ನಾನು ಮೊದಲು ಥೈರಾಯ್ಡ್ ಕಡೆ ನೋಡುತ್ತೇನೆ. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿ ಬೆಳೆದು ಹಾರ್ಮೋನ್ ಜಾಸ್ತಿ ಸುರಿಸುವುದು ತುಂಬ ಸಾಮಾನ್ಯ. ಬೆಕ್ಕು ಬಕಾಸುರನಂತೆ ತಿನ್ನುತ್ತದೆ, ಆದರೂ ಬೆನ್ನೆಲುಬು ಕೈಗೆ ಸಿಗುತ್ತದೆ. ಒಂದು ಕಡೆ ಕೂರುವುದಿಲ್ಲ, ಮರಿಯಂತೆ ಓಡಾಡುತ್ತದೆ, ವಾಂತಿ ಮಾಡುತ್ತದೆ. ಮನೆಯವರು "ನೋಡಿ, ಈ ವಯಸ್ಸಲ್ಲೂ ಎಷ್ಟು ಚುರುಕು" ಎಂದು ಖುಷಿಪಡುತ್ತಿರುತ್ತಾರೆ. ಟಿ4 ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ. ಕಿವಿ ಕೇಳದ ಬೆಕ್ಕೂ ಜೋರಾಗಿ ಕೂಗುತ್ತದೆ, ಬಿಪಿ ಏರಿದ್ದೂ ಕೂಗುತ್ತದೆ.

ಟ್ರೇ ಬಿಟ್ಟು ಹೊರಗೆ ಹೊಯ್ಯುವುದಕ್ಕೆ ಕಾರಣ ಹಲವು. ಕಿಡ್ನಿ ಸೋತಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಉಚ್ಚೆಯ ಪ್ರಮಾಣವೇ ಜಾಸ್ತಿ. ಟ್ರೇ ಬೇಗ ಒದ್ದೆಯಾಗುತ್ತದೆ, ಒದ್ದೆ ಟ್ರೇ ಅದಕ್ಕೆ ಬೇಡ. ಮೂತ್ರಕೋಶ ಉರಿಯುತ್ತಿದ್ದರೆ ಟ್ರೇ ಕಂಡರೇ ನೋವಿನ ನೆನಪು, ಅದಕ್ಕೇ ಮೆತ್ತಗಿನ ಹಾಸಿಗೆ ಹುಡುಕುತ್ತದೆ. ಹಾಸಿಗೆ ಮೇಲೆ ಹೊಯ್ದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ.

ಕೀಲು ನೋವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಇದನ್ನು ಗುರುತಿಸುವವರು ತೀರ ಕಮ್ಮಿ. 12 ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದು ನೋಡಿದ, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನೂರರಲ್ಲಿ ತೊಂಬತ್ತಕ್ಕೆ ಕೀಲು ಸವೆದಿದ್ದು ಕಂಡಿತ್ತು. ಆದರೆ ಬೆಕ್ಕು ನಾಯಿಯಂತೆ ಕುಂಟುವುದು ಅಪರೂಪ. ಅದು ಹಾರುವ ಜಾಗದ ಮುಂದೆ ನಿಂತು ಮೇಲೆ ನೋಡುತ್ತದೆ. ಹಿಂಗಾಲನ್ನು ಒಮ್ಮೆ ಸರಿಮಾಡಿಕೊಳ್ಳುತ್ತದೆ, ಇನ್ನೊಮ್ಮೆ ನೋಡುತ್ತದೆ, ಆಮೇಲೆ ಬೇಡವೆಂದು ತಿರುಗಿ ಹೋಗುತ್ತದೆ. ಅಥವಾ ಒಂದೇ ನೆಗೆತಕ್ಕೆ ಹತ್ತುತ್ತಿದ್ದ ಕಿಟಕಿಗೆ ಈಗ ಮೊದಲು ಕುರ್ಚಿ, ಆಮೇಲೆ ಮೇಜು, ಆಮೇಲೆ ಕಿಟಕಿ. ಇಳಿಯುವಾಗ ಮುಂಗಾಲನ್ನು ಗೋಡೆಗುಂಟ ಜಾರಿಸಿ ಆದಷ್ಟು ಕೆಳಗೆ ಬಂದು ಧುಮುಕುತ್ತದೆ. ಬೆನ್ನು, ಬಾಲದ ಬುಡ ನೆಕ್ಕಿಕೊಳ್ಳಲು ಬಾಗಲಾಗದೆ ಅಲ್ಲಿನ ಕೂದಲು ಗಂಟು ಕಟ್ಟಿರುತ್ತದೆ. ಉಗುರು ಸವೆಯದೆ ದಪ್ಪಗಾಗಿ ನೆಲಕ್ಕೆ ಟಕಟಕ ಎನ್ನುತ್ತದೆ. ಇಂಥ ಬೆಕ್ಕಿನ ಸೊಂಟದ ಮೇಲೆ ಪ್ರೀತಿಯಿಂದ ಕೈ ಸವರಿದರೆ ಕಚ್ಚದೆ ಇನ್ನೇನು ಮಾಡೀತು?

ನೋವು ಅಳೆಯಲು ಮುಖ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಕಿವಿ ಹೊರಕ್ಕೆ ತಿರುಗಿ ಚಪ್ಪಟೆಯಾಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿ ಮುಂದಕ್ಕೆ ಬಂದಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು ಹತ್ತರಲ್ಲಿ 4 ಮುಟ್ಟಿದರೆ ನೋವಿಗೆ ಔಷಧಿ ಬೇಕು. ಈ ಅಳತೆ ಮುಖ್ಯವಾಗಿ ಹೊಸದಾಗಿ ಶುರುವಾದ ನೋವಿಗೆ. ಬೆಕ್ಕು ಎಚ್ಚರವಾಗಿದ್ದು ಸುಮ್ಮನೆ ಕೂತಿರುವಾಗ ನೋಡಬೇಕು, ಆಡುವಾಗ ತಿನ್ನುವಾಗ ಅಲ್ಲ.

ಹಲ್ಲಿನ ನೋವಿಗೆ ಬೇರೆ ಗುರುತಿದೆ. ತಟ್ಟೆ ಹತ್ತಿರ ಓಡಿ ಬರುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ. ಒಂದೇ ಕಡೆ ಅಗಿಯುತ್ತದೆ, ಬಾಯಿ ನಾರುತ್ತದೆ.

ಎಲ್ಲ ಪರೀಕ್ಷೆಯೂ ಸರಿಯಿದ್ದು, ಬೆಕ್ಕು ಗೋಡೆ ನೋಡುತ್ತ ನಿಲ್ಲುತ್ತದೆ, ತಿಂದದ್ದು ಮರೆತು ಮತ್ತೆ ಕೇಳುತ್ತದೆ, ಹಗಲೆಲ್ಲ ಮಲಗಿ ರಾತ್ರಿ ಅಲೆಯುತ್ತದೆ ಅಂದರೆ ಅದು ಮುಪ್ಪಿನ ಮರೆವು ಇರಬಹುದು. ಬೆಕ್ಕಿಗೂ ಅದು ಬರುತ್ತದೆ. ಆದರೆ ಮರೆವು ಎಂದು ಮೊದಲೇ ತೀರ್ಮಾನಿಸಬಾರದು. ಇದೇ ಲಕ್ಷಣಗಳು ಥೈರಾಯ್ಡ್, ಬಿಪಿ, ನೋವಿನಲ್ಲೂ ಇರುತ್ತವೆ, ಅವಕ್ಕೆ ಮದ್ದಿದೆ.

ಐದನೇ ಹೆಜ್ಜೆ: ಮನೆಯಲ್ಲೇ ಕಾರಣವಿದ್ದರೆ

ಆಪರೇಷನ್ ಆದ ಬೆಕ್ಕು ಗೋಡೆಗೆ ಉಚ್ಚೆ ಸಿಂಪಡಿಸಿದರೆ ಆಪರೇಷನ್ ಕೆಟ್ಟಿದೆ ಎಂದೇನಲ್ಲ. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ನೂರಕ್ಕೆ ಸುಮಾರು ಹತ್ತು, ಹೆಣ್ಣುಗಳಲ್ಲಿ ಐದು, ಆಮೇಲೂ ಸಿಂಪಡಿಸುತ್ತವೆ. ನಿಂತುಕೊಂಡು, ಬಾಲ ನೆಟ್ಟಗೆ ಎತ್ತಿ, ಗೋಡೆಗೆ ಹಾರಿಸಿದರೆ ಅದು ಇದು ನನ್ನ ಜಾಗ ಎಂದು ಗುರುತು ಹಾಕುವುದು. ಕೂತು ನೆಲದ ಮೇಲೆ ಹೊಯ್ದರೆ ಅದು ಉಚ್ಚೆ. ಈ ವ್ಯತ್ಯಾಸ ಡಾಕ್ಟರಿಗೆ ಹೇಳಿ. ಆಪರೇಷನ್ ಆದ ಹೆಣ್ಣು ಬೆಕ್ಕು ಬೆದೆಗೆ ಬಂದಂತೆ ನೆಲಕ್ಕೆ ಹೊರಳಿ ಕೂಗುತ್ತಿದ್ದರೆ ಮಾತ್ರ ಅಂಡಾಶಯದ ಚೂರು ಒಳಗೆ ಉಳಿದಿದೆಯಾ ಎಂದು ಪರೀಕ್ಷಿಸಬೇಕು.

ಗುರುತು ಹಾಕಲು ಶುರುಮಾಡಿದ ಬೆಕ್ಕಿನ ಮನೆಯ ಸುತ್ತ ಹೊಸ ಗಂಡು ಬೆಕ್ಕೊಂದು ಓಡಾಡುತ್ತಿರಬಹುದು. ಕಿಟಕಿಯಲ್ಲಿ ಅದನ್ನು ಕಂಡು ರೊಚ್ಚಿಗೆದ್ದ ನಿಮ್ಮ ಬೆಕ್ಕು, ಅದು ಕೈಗೆ ಸಿಗದೆ, ಪಕ್ಕದಲ್ಲಿದ್ದ ನಿಮ್ಮ ಕಾಲಿಗೋ ಜೊತೆಯ ಬೆಕ್ಕಿಗೋ ಹಾರುತ್ತದೆ. ಆಗ ಎತ್ತಿ ಸಮಾಧಾನ ಮಾಡಲು ಹೋಗಬೇಡಿ. ದೀಪ ಆರಿಸಿ, ಕತ್ತಲೆ ಕೋಣೆಯಲ್ಲಿ ಒಂದಷ್ಟು ಗಂಟೆ ಬಿಟ್ಟುಬಿಡಿ. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿ, ಹೊರಗೆ ಊಟ ಇಡುವ ಅಭ್ಯಾಸ ಇದ್ದರೆ ಬೇರೆ ಕಡೆಗೆ ಬದಲಿಸಿ.

ಹೊಯ್ದ ಜಾಗವನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಅದರಲ್ಲಿರುವ ಫಿನಾಲ್‌ನಂಥ ರಾಸಾಯನಿಕಗಳು ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ಉಚ್ಚೆ ವಾಸನೆ ತೆಗೆಯುವ ಎನ್‌ಜೈಮ್ ಕ್ಲೀನರ್ ಬಳಸಿ.

ಆರನೇ ಹೆಜ್ಜೆ: ಮನೆಯನ್ನು ಅದರ ವಯಸ್ಸಿಗೆ ಹೊಂದಿಸಿ

ಟ್ರೇಯ ಒಂದು ಬದಿಯ ಅಂಚು ತಗ್ಗಾಗಿರಲಿ, ನೋಯುವ ಕಾಲು ಎತ್ತಿಡುವುದು ಕಷ್ಟ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇಡಿ, ಮಹಡಿ ಮನೆಯಾದರೆ ಪ್ರತಿ ಮಹಡಿಯಲ್ಲೂ ಒಂದು. ನುಣುಪಾದ ಟೈಲ್ಸ್ ಮೇಲೆ ಅದು ಓಡಾಡುವ ದಾರಿಗೆ ಜಮಖಾನೆ ಹಾಸಿ. ಇಷ್ಟದ ಕಿಟಕಿಗೆ ಮಣೆಯನ್ನೋ ಸ್ಟೂಲನ್ನೋ ಮೆಟ್ಟಿಲಾಗಿ ಇಡಿ. ರಾತ್ರಿ ಸಣ್ಣ ದೀಪ ಉರಿಯಲಿ. ಬೈಯುವುದು, ಮುಖಕ್ಕೆ ನೀರು ಚಿಮುಕಿಸುವುದು ಖಂಡಿತ ಬೇಡ, ಭಯ ಸೇರಿ ಎಲ್ಲವೂ ಹೆಚ್ಚುತ್ತದೆ.

ಊಟದ ಬಗ್ಗೆ ನಮ್ಮ ಕಡೆಯ ಒಂದು ಮಾತು. ಹಾಲು ಅನ್ನ, ಮೊಸರನ್ನದಲ್ಲೇ ಬೆಳೆದ ಬೆಕ್ಕುಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಊಟದಿಂದಲೇ ಬರಬೇಕು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಅದು ಕಮ್ಮಿಯಾದರೆ ಕಣ್ಣಿನ ಪರದೆ ಮತ್ತು ಹೃದಯ ಎರಡೂ ಹಾಳಾಗುತ್ತವೆ. ಇಷ್ಟು ವರ್ಷ ಸಸ್ಯಾಹಾರ ಕೊಟ್ಟಿದ್ದರೆ ಡಾಕ್ಟರಿಗೆ ಅದನ್ನು ಹೇಳಿ. ಕಿಡ್ನಿ ಕಾಯಿಲೆ ಇದೆ ಎಂದಾದರೆ ಊಟ ಏನು ಎಂದು ಅವರೇ ತೀರ್ಮಾನಿಸಲಿ, ಬದಲಾವಣೆಯನ್ನು ಒಂದೆರಡು ವಾರ ತೆಗೆದುಕೊಂಡು ನಿಧಾನವಾಗಿ ಮಾಡಿ.

ಮಾತ್ರೆ ಶುರುವಾದ ಮೇಲೆ

ಔಷಧಿ ಕೊಟ್ಟು ಬೆಕ್ಕು ಗೆಲುವಾಯಿತೆಂದು ಮರುಪರೀಕ್ಷೆ ಬಿಡುವವರು ಜಾಸ್ತಿ. ಥೈರಾಯ್ಡ್ ವಿಷಯದಲ್ಲಿ ಇದು ಅಪಾಯ. ಹಾರ್ಮೋನ್ ಏರಿದ್ದಾಗ ಕಿಡ್ನಿಗೆ ರಕ್ತದ ಹರಿವು ಹೆಚ್ಚಿರುತ್ತದೆ, ಕಿಡ್ನಿ ಸೋತಿದ್ದರೂ ವರದಿಯಲ್ಲಿ ಕಾಣುವುದಿಲ್ಲ. ಮಾತ್ರೆಯಿಂದ ಥೈರಾಯ್ಡ್ ಹತೋಟಿಗೆ ಬಂದಾಗ ಅದು ಹೊರಬೀಳುತ್ತದೆ. ಹಾಗಾಗಿ ಶುರುಮಾಡಿ ಎರಡು ಮೂರು ವಾರಕ್ಕೆ ಟಿ4 ಜೊತೆ ಕ್ರಿಯಾಟಿನಿನ್ ಕೂಡ ನೋಡಿಸಿ, ಬಿಪಿ ಮಾತ್ರೆ ಇದ್ದರೆ ಒಂದೆರಡು ವಾರದೊಳಗೆ ಬಿಪಿ ಮತ್ತೆ ನೋಡಿಸಿ. ಮಾತ್ರೆ ತಿಂದ ಬೆಕ್ಕು ಊಟ ಬಿಟ್ಟರೆ, ವಾಂತಿ ಮಾಡಿದರೆ, ಮುಖ ಕೆರೆದುಕೊಂಡು ಗಾಯ ಮಾಡಿಕೊಂಡರೆ ಮುಂದಿನ ಡೋಸ್ ಕೊಡುವ ಮುಂಚೆ ಫೋನ್ ಮಾಡಿ. ಆಮೇಲೆ ಆರು ತಿಂಗಳಿಗೊಮ್ಮೆ ತೂಕ, ರಕ್ತ, ಮೂತ್ರ, ಬಿಪಿ ನೋಡಿಸುತ್ತಿರಿ, ಮನೆಯಲ್ಲಿ ತೂಕವನ್ನು ತಿಂಗಳಿಗೊಮ್ಮೆ ಕ್ಯಾಲೆಂಡರ್ ಮೇಲೆ ಬರೆಯಿರಿ.